ಇಲ್ಲದ ಸೋದರಮಾವನ ಕಾಲು

"ಅಜ್ಜಾರೇ, ಒಬ್ಬರಿಗೆ ಕಾಲಿನ ಮೀನಖಂಡ ತಾನಾಗಿಯೇ ಅದುರುತ್ತದಂತೆ. ಗಾಯವಿಲ್ಲ, ನೋವಿಲ್ಲ. ಸುಮ್ಮನೆ ಕೂತಿರುವಾಗ ಚರ್ಮದ ಕೆಳಗೆ ಏನೋ ಮಿಸುಕಿದ ಹಾಗಾಗುತ್ತದಂತೆ. ಇದಕ್ಕೆ ಕಾರಣವೇನು? ಪರಿಹಾರವೇನು?"

ಹೀಗೆ ಕೇಳಿದವನು ಮಠದ ಶಿಷ್ಯ ಹಾಲಪ್ಪ. ಮಠಕ್ಕೆ ಸೇರಿ ಮೂರು ವರ್ಷವಾಗಿತ್ತು. ಗುರುಗಳನ್ನು ಊರವರೆಲ್ಲ ಅಜ್ಜಾರು ಎನ್ನುತ್ತಿದ್ದರು. ಅವನೂ ಹಾಗೆಯೇ ಕರೆಯುತ್ತಿದ್ದ. ಕೇಳುವಾಗ ಅವನು ನೆಲ ನೋಡುತ್ತಿದ್ದ.

"ಆ ಒಬ್ಬರು ಎಷ್ಟು ದೂರದಲ್ಲಿದ್ದಾರೆ?" ಎಂದರು ಅಜ್ಜಾರು.

"ದೂರವೇನಿಲ್ಲ, ಅಜ್ಜಾರೇ."

"ಹಾಗಾದರೆ ಅವರಿಗೂ ಕೇಳಿಸುವಂತೆ ಹೇಳುತ್ತೇನೆ. ಕೂತುಕೋ. ಕಾಲು ಮಡಿಸಬೇಡ, ಚಾಚು. ಗುರುಗಳ ಮುಂದೆ ಕಾಲು ಚಾಚಬಾರದು ಅಂತ ಮುಖ ಸಣ್ಣ ಮಾಡಬೇಡ. ಬಯ್ಯಬೇಕಾದವನು ನಾನು. ನಾನೇ ಹೇಳುತ್ತಿದ್ದೇನೆ."

ಹಾಲಪ್ಪ ಕಾಲು ಚಾಚಿ ಕೂತ. ಅಜ್ಜಾರು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಕುಣಿಮಗ್ಗದ ನೇಕಾರ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಕೈಯಲ್ಲಿ ಅಡ್ಡನೂಲು ಒಯ್ಯುವ ಲಾಳಿ, ಕಾಲಡಿಯಲ್ಲಿ ಎರಡು ಹಲಗೆ. ಒಂದು ಹಲಗೆ ತುಳಿದರೆ ಅರ್ಧ ಎಳೆಗಳು ಮೇಲೇಳುತ್ತವೆ. ಇನ್ನೊಂದು ತುಳಿದರೆ ಉಳಿದರ್ಧ. ನಡುವೆ ಲಾಳಿ ಓಡುತ್ತದೆ. ಜನ ನೇಕಾರನ ಕೈ ನೋಡಿ ಹೊಗಳುತ್ತಾರೆ. ಕಾಲನ್ನು ಯಾರೂ ನೋಡುವುದಿಲ್ಲ, ಅದು ಕುಣಿಯೊಳಗಿರುತ್ತದೆ.

ಮನೆಯಲ್ಲಿ ಮೂವರು. ಅವನು, ಹೆಂಡತಿ ಕಾಶವ್ವ, ಮುಪ್ಪಿನ ತಾಯಿ. ಕಾಶವ್ವ ಲಾಳಿಗೆ ಬೇಕಾದ ನೂಲನ್ನು ಕಂಡಿಕೆ ಎಂಬ ಸಣ್ಣ ಕೊಳವೆಗೆ ಸುತ್ತಿ ಕೊಡುತ್ತಿದ್ದಳು. ತಾಯಿ ಮೂಲೆಯಲ್ಲಿ ಕೂತು ನೂಲಿನ ಸಿಕ್ಕು ಬಿಡಿಸುತ್ತಿದ್ದಳು. ಮಗ್ಗಕ್ಕೂ ಆ ಮೂಲೆಗೂ ಎಂಟು ಹೆಜ್ಜೆ.

ಆ ಕೇರಿಯಲ್ಲಿ ಒಂದು ರೂಢಿಯಿತ್ತು. ಬೆಳಗ್ಗೆ ಕುಣಿಗೆ ಇಳಿದವನು ಮಧ್ಯಾಹ್ನ ಊಟಕ್ಕೆ ಒಮ್ಮೆ ಏಳಬೇಕು, ಆಮೇಲೆ ಹೊತ್ತು ಮುಳುಗಿದಾಗ ಏಳಬೇಕು. ನಡುವೆ ಎದ್ದರೆ ಪಕ್ಕದ ಮಗ್ಗದವರು, "ಯಾಕಪಾ, ಕುಣಿಯಾಗ ಚೇಳು ಬಂತೇನು?" ಎಂದು ನಗುತ್ತಿದ್ದರು. ನೀರು ಕುಡಿದರೆ ಏಳಬೇಕಾಗುತ್ತದೆ. ಆದ್ದರಿಂದ ಯಾರೂ ನೀರು ಕುಡಿಯುತ್ತಿರಲಿಲ್ಲ. ಬಾಯಿ ಒಣಗಿದರೆ ಒಂದು ಗುಟುಕು ಚಹಾ. ಬೇಸಿಗೆಯಲ್ಲಿ ಬೆವರು ಸೊಂಟದಿಂದ ಇಳಿಯುತ್ತಿದ್ದರೂ ಅಷ್ಟೇ. ಇದನ್ನು ಅವರು ನಿಷ್ಠೆ ಎಂದು ಕರೆಯುತ್ತಿದ್ದರು. ನಗಬೇಡ, ನಾವೂ ಎಷ್ಟೋ ಸಂಗತಿಗಳನ್ನು ಹಾಗೆಯೇ ಕರೆಯುತ್ತೇವೆ.

ಒಂದು ಮಧ್ಯಾಹ್ನ ನೇಕಾರನ ಎಡಗಾಲಿನ ಮೀನಖಂಡ ಅದುರಿತು. ತಾನು ಅದುರಿಸಿದ್ದಲ್ಲ. ಅವನು ಲಾಳಿ ನಿಲ್ಲಿಸಿದ. ಅದುರುವುದು ನಿಂತಿತು. ಮತ್ತೆ ಲಾಳಿ ಎಸೆದ. ಮತ್ತೆ ಅದುರಿತು.

ಬೇರೆಯವನಾಗಿದ್ದರೆ ಕಾಲು ಕೊಡವಿ ಸುಮ್ಮನಾಗುತ್ತಿದ್ದ. ಇವನಿಗೆ ಅಪ್ಪನ ನೆನಪಾಯಿತು. ಅಪ್ಪ ತೀರಿಕೊಂಡಾಗ ಇವನಿಗೆ ನಾಲ್ಕು ವರ್ಷ. ಅಪ್ಪನ ಮುಖ ನೆನಪಿಲ್ಲ, ದನಿ ನೆನಪಿಲ್ಲ. ನೆನಪಿದ್ದದ್ದು ಒಂದೇ: ಹೊರಸಿನ ಮೇಲೆ ಅಪ್ಪ ಮಲಗಿದ್ದಾನೆ, ಅವನ ಕಾಲು ನಡುಗುತ್ತಿದೆ, ನಿಲ್ಲುತ್ತಿಲ್ಲ. ಅದಾದ ಮೇಲೆ ಚಟ್ಟ. ಅಪ್ಪನಿಗೆ ಬಂದದ್ದು ತನಗೂ ಬಂತು ಎಂದು ನೇಕಾರ ಆ ಕ್ಷಣವೇ ತೀರ್ಮಾನಿಸಿಬಿಟ್ಟ. ಕಾಲು ಹೋಗುತ್ತದೆ, ಆಮೇಲೆ ತಾನೂ ಹೋಗುತ್ತೇನೆ. ಯಾರಿಗೂ ಹೇಳಲಿಲ್ಲ.

ಹೇಳಲಿಲ್ಲ, ಆದರೆ ನೋಡಲು ಶುರುಮಾಡಿದ. ಹತ್ತು ಸಲ ಲಾಳಿ ಎಸೆದು ಒಮ್ಮೆ ಧೋತರ ಸರಿಸಿ ಕಾಲು ನೋಡುತ್ತಿದ್ದ. ಆಮೇಲೆ ಐದಕ್ಕೊಮ್ಮೆ. ನೋಡಿದಾಗಲೆಲ್ಲ ಅದುರಿತು. ಕಾಲಿಗೂ ಮನಸ್ಸಿಗೂ ಒಂದೇ ನರ ಎನ್ನುವಷ್ಟು ವಿದ್ಯೆ ನನಗಿಲ್ಲ. ಆದರೆ ಹೆದರಿದವನ ಮೈ ಸುಮ್ಮನಿರುವುದಿಲ್ಲ ಎಂಬುದನ್ನು ನಾನೂ ಕಂಡಿದ್ದೇನೆ, ನೀನೂ ಕಂಡಿದ್ದೀಯ.

ಕಡೆಗೆ ತಡೆಯಲಾರದೆ ಮದ್ದು ಕೇಳಲು ಹೊರಟ. ಆದರೆ ತನ್ನ ಕಾಲು ಎಂದು ಹೇಳುವ ಧೈರ್ಯ ಬರಲಿಲ್ಲ. "ನಮ್ಮ ಸೋದರಮಾವ ಒಬ್ಬರಿದ್ದಾರೆ, ಅವರಿಗೆ ಕಾಲು ಅದುರುತ್ತದೆ" ಎಂದ. ಅವನಿಗೆ ಸೋದರಮಾವನೇ ಇರಲಿಲ್ಲ.

ಪಂಚಾಂಗ ನೋಡುವವನ ಬಳಿ ಹೋದ. ಅವನು, "ಗಂಡಸಿಗೆ ಬಲಗಾಲು ಅದುರಿದರೆ ಲಾಭ, ಎಡಗಾಲು ಅದುರಿದರೆ ದೂರ ಪ್ರಯಾಣ" ಎಂದ. ದೂರ ಪ್ರಯಾಣ ಎಂದರೆ ಎಲ್ಲಿಗೆ ಎಂದು ನೇಕಾರ ಕೇಳಲಿಲ್ಲ. ತಾನೇ ಅರ್ಥ ಮಾಡಿಕೊಂಡ. ದೋಷ ಕಳೆಯಲು ಶನಿವಾರ ಶನಿವಾರ ಜಾಗರಣೆ ಮಾಡಲಿ ಎಂದು ಪಂಚಾಂಗದವನು ಸೂಚಿಸಿದ. ಇವನು ನಿದ್ದೆ ಬಿಟ್ಟ.

ದೇವಿಯ ಗುಡಿಯ ಪೂಜಾರಿ, "ನಿಮ್ಮ ಮಾವ ಉಪ್ಪು ಬಿಟ್ಟು ಹರಕೆ ಹೊರಲಿ" ಎಂದ. ಇವನು ಉಪ್ಪು ಬಿಟ್ಟ. ಹೊಟ್ಟೆ ಸರಿಯಿಲ್ಲ ಎಂದು ಮನೆಯಲ್ಲಿ ನೆಪ ಹೇಳಿದ. ಗರಡಿಯ ಉಸ್ತಾದ, "ವಯಸ್ಸಾದವರ ಕಾಲು, ಬಿಗಿಯಾಗಿ ಬಟ್ಟೆ ಸುತ್ತಿರಿ, ಅಲ್ಲಾಡಬಾರದು" ಎಂದ. ಇವನು ಮೀನಖಂಡಕ್ಕೆ ಬಟ್ಟೆ ಬಿಗಿದು ಕುಣಿಗೆ ಇಳಿದ. ಪಕ್ಕದ ಮಗ್ಗದವನು, "ಶಕ್ತಿ ಕಡಿಮೆಯಾಗಿರಬೇಕು, ಕಡಕ್ ಚಹಾ ಕುಡಿಯಲಿ" ಎಂದ. ಎರಡು ಲೋಟ ಇದ್ದದ್ದು ಎಂಟು ಲೋಟ ಆಯಿತು.

ಅವರು ಯಾರೂ ಕೆಟ್ಟವರಲ್ಲ. ಮುದುಕನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ತಮಗೆ ತಿಳಿದದ್ದನ್ನು ಹೇಳಿದರು. ಇಲ್ಲದ ಸೋದರಮಾವನ ಕಾಲಿಗೆ ಹೇಳಿದ ಮದ್ದನ್ನೆಲ್ಲ ಇವನು ತನ್ನ ಕಾಲಿಗೆ ಮಾಡಿಕೊಂಡ. ಅದುರುವುದು ಹೆಚ್ಚಾಯಿತು. ಮೊದಲು ಎಡಗಾಲು ಮಾತ್ರ, ಈಗ ಬಲಗಾಲೂ ಸೇರಿತು. ನೋಡು, ರೋಗ ಏರುತ್ತಿದೆ ಎಂದುಕೊಂಡ.

ಆಗ ಅವನೊಂದು ನಿರ್ಧಾರ ಮಾಡಿದ. ತನ್ನ ಕಾಲು ಹೋದ ಮೇಲೆ ಕಾಶವ್ವ ತನ್ನನ್ನು ಎತ್ತಿ ಇಳಿಸಿ ಸವೆಯಬಾರದು. ಅಪ್ಪನ ಆರೈಕೆಯಲ್ಲಿ ಅವ್ವ ಸವೆದದ್ದನ್ನು ಕೇರಿಯವರೆಲ್ಲ ಹೇಳುತ್ತಿದ್ದರು. ಒಂದು ಸಂಜೆ ಕಾಶವ್ವನಿಗೆ, "ನೀ ತವರಿಗೆ ಹೋಗಿ ಇರು" ಎಂದ.

"ಎಷ್ಟು ದಿನ?"

"ನಾ ಹೇಳಿ ಕಳಿಸೋತನಕ."

ಕಾರಣ ಹೇಳಲಿಲ್ಲ. ಹದಿನಾರು ವರ್ಷ ಸಂಸಾರ ಮಾಡಿದ ಹೆಂಗಸು. ಗಂಡನಿಗೆ ತಾನು ಬೇಡವಾದೆ ಎಂದಲ್ಲದೆ ಇನ್ನೇನು ತಿಳಿದುಕೊಳ್ಳಬೇಕು? ಅವಳಿಗೆ ದುಃಖವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಮಗ್ಗದ ಮ್ಯಾಲಿನ ಹಾಸು ಮುಗೀಲಿ. ಅರ್ಧ ಕೆಲಸ ಬಿಟ್ಟು ಹೋಗಾಕಿ ನಾ ಅಲ್ಲ" ಎಂದಳು. ಹಾಸು ಎಂದರೆ ಮಗ್ಗಕ್ಕೆ ಹೂಡಿದ ಉದ್ದನೆಯ ಎಳೆಗಳು; ಅದು ಮುಗಿಯಲು ಇನ್ನೂ ಹನ್ನೆರಡು ದಿನವಿತ್ತು. ಆ ಹನ್ನೆರಡು ದಿನ ಇಬ್ಬರೂ ಮಾತಾಡಲಿಲ್ಲ. ಅವಳು ಕಂಡಿಕೆ ಸುತ್ತಿದಳು, ಅವನು ನೇಯ್ದ. ಮೂಲೆಯಲ್ಲಿದ್ದ ಮುದುಕಿ ಇಬ್ಬರನ್ನೂ ನೋಡಿ, ಗಂಡ ಹೆಂಡಿರ ಜಗಳ ಉಂಡು ಮಲಗುವತನಕ ಎಂದು ಸುಮ್ಮನಿದ್ದಳು. ಇವರದು ಉಂಡು ಮಲಗಿದರೂ ಮುಗಿಯಲಿಲ್ಲ.

ಹಾಸು ಮುಗಿಯಿತು. ಕಾಶವ್ವ ತನ್ನ ಸೀರೆಗಳನ್ನು ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಳು. ಹೋಗುವ ಮೊದಲು ಕೊನೆಯದಾಗಿ ಬಟ್ಟೆ ಬಿಚ್ಚಿ ಮಡಿಸಲು ಕೂತಳು. ಅದು ಯಾವಾಗಲೂ ಅವಳ ಕೆಲಸ.

ಈಗ ಇನ್ನೊಂದು ರೂಢಿ ಹೇಳಬೇಕು. ದಿನದ ನೇಯ್ಗೆ ನಿಲ್ಲಿಸಿದ ಜಾಗದಲ್ಲಿ ಅಂಚಿಗೆ ಒಂದು ಅರಿಶಿನದ ದಾರ ಕಟ್ಟುವುದು ಆ ಕೇರಿಯ ಪದ್ಧತಿ. ಒಂದು ದಾರದಿಂದ ಇನ್ನೊಂದು ದಾರಕ್ಕೆ ಒಂದು ದಿನ. ಬೆಳಗ್ಗೆ ಎಷ್ಟು, ಸಂಜೆ ಎಷ್ಟು ಎಂದು ತಿಳಿದವರಿಗೆ ಕಾಣುತ್ತದೆ. ಕಾಶವ್ವ ಬಟ್ಟೆ ಬಿಚ್ಚುತ್ತ ಹೋದಳು. ಅಲ್ಲಲ್ಲಿ ಎಳೆ ತಪ್ಪಿತ್ತು. ಕಾಲು ಹಲಗೆಯನ್ನು ಪೂರ್ತಿ ಒತ್ತದೆ ನಡುವೆ ಜಿಗಿದರೆ ಬೀಳುವ ತಪ್ಪು. ಅವಳ ಗಂಡನ ಬಟ್ಟೆಯಲ್ಲಿ ಹದಿನಾರು ವರ್ಷದಲ್ಲಿ ಅಂಥದ್ದು ಬಿದ್ದಿರಲಿಲ್ಲ. ಅವಳು ಮಡಿಸುವುದನ್ನು ಬಿಟ್ಟು ಮೊದಲಿಂದ ನೋಡಿದಳು. ಮತ್ತೊಮ್ಮೆ ನೋಡಿದಳು. ಹನ್ನೆರಡು ದಿನದ ಮೌನ ಮರೆತು ಗಂಡನನ್ನು ಕರೆದಳು.

"ಇಲ್ಲಿ ಬರ್ರಿ. ಇದನ್ನ ನೋಡ್ರಿ. ದಿನಾ ಮುಂಜಾನಿ ನೇಯ್ದದ್ದು ಚಲೋ ಐತಿ. ಹೊತ್ತು ಏರಿದಂಗ ತಪ್ಪು ಬಿದ್ದಾವು. ಶನಿವಾರದ ಮರುದಿನ ಹೆಚ್ಚು. ಅಮಾಸಿಗೆ ಮಗ್ಗ ನಿಲ್ಲಿಸಿ ಉಂಡು ಮಲಗಿದ್ರಲ್ಲ, ಅದರ ಮರುದಿನ ಒಂದೂ ಇಲ್ಲ. ನಿಮಗ ಏನಾಗೈತಿ?"

"ಏನೂ ಇಲ್ಲ."

"ಏನೂ ಇಲ್ಲಂದ್ರ ಬಟ್ಟಿ ಸುಳ್ಳು ಹೇಳತೈತೇನು? ನನ್ನ ಮ್ಯಾಲ ಬ್ಯಾಸರ ಆಗಿದ್ರ ಹೋಗ್ತೀನಿ, ಗಂಟು ಕಟ್ಟೀನಿ. ಆದ್ರ ಇದಕ್ಕ ಉತ್ತರಾ ಹೇಳಿ ಕಳಸ್ರಿ."

ನೇಕಾರ ಅವಳ ಪಕ್ಕ ಕೂತ. ಬಾಯಿ ಬಿಟ್ಟ. "ಅಪ್ಪನ ರೋಗ ನನಗೂ ಬಂದೈತಿ, ಕಾಶೀ. ಅಪ್ಪನ ಕಾಲು ಹಿಂಗ ನಡುಗತಿತ್ತು, ನಾ ಕಣ್ಣಾರೆ ಕಂಡೀನಿ. ನಾಳೆ ನೀ ನನ್ನ ಹೊರಬಾರದು ಅಂತ ತವರಿಗೆ ಕಳಸಾಕತ್ತೀನಿ."

ಕಾಶವ್ವ ಬಟ್ಟೆಯನ್ನು ಮತ್ತೆ ಅವನ ಮುಂದೆ ಹಿಡಿದಳು. ಆಮೇಲೆ ಎಂದಳು: "ಸಾಯೋ ರೋಗ ಆಗಿದ್ರ ಮುಂಜಾನಿ ಸೂಟಿ ತಗೊಂಡು ಮಧ್ಯಾಹ್ನ ಕೆಲಸಕ್ಕ ಬರತೈತೇನ್ರಿ?"

ಅಷ್ಟರಲ್ಲಿ ಮೂಲೆಯಿಂದ ಮುದುಕಿ ಕೂಗಿದಳು. "ಏ ತಮ್ಮಾ, ಯಾರ ಕಾಲು ನಡುಗತಿತ್ತು ಅಂದಿ?"

"ಅಪ್ಪಂದು, ಅವ್ವಾ. ಹೊರಸಿನ ಮ್ಯಾಲ ಮಲಗಿದ್ದಾಗ."

"ಅಯ್ಯ ನಿನ್ನ ಹುಚ್ಚಪ್ಯಾಲಿ!" ಮುದುಕಿ ಕೈಯಲ್ಲಿದ್ದ ನೂಲು ಕೆಳಗಿಟ್ಟಳು. "ನಿಮ್ಮಪ್ಪನ ಬಲಗಾಲಿಗೆ ಮೊಳಿ ನೆಟ್ಟಿತ್ತು. ಕೀವಾಗಿ ತೊಡಿತನಕ ಬಾತಿತ್ತು. ಅದರಾಗ ಹೋದ್ರು. ನಡುಗಿದ್ದು ಎಡಗಾಲು. ಅದು ರೋಗ ಅಲ್ಲಪಾ, ನೀನು. ಕಾಲ ಮ್ಯಾಲ ಹಾಕ್ಕೊಂಡು ಅಲ್ಲಾಡಸಲಿಲ್ಲಂದ್ರ ನೀ ಕಣ್ಣ ಮುಚ್ಚತಿದ್ದಿಲ್ಲ. ಮೈಯಾಗ ಜ್ವರಾ ಸುಡತಿತ್ತು, ಆದ್ರೂ ನಿನ್ನ ಕಾಲ ಮ್ಯಾಲ ಮಲಗಿಸ್ಕೊಂಡು ಅಲ್ಲಾಡಸತಿದ್ರು. ಸಾಕು ಬಿಡ್ರಿ ಅಂದ್ರ, ಇದೊಂದು ಕಾಲು ಚಲೋ ಐತಿ, ಇದು ಅವಂದು, ಅಂತಿದ್ರು."

ನೇಕಾರ ಅವ್ವನ ಕಡೆ ತಿರುಗಿದ. "ನೀ ಯಾಕ ಹೇಳಲಿಲ್ಲವ್ವಾ?" ಎಂದ.

"ನೀ ಕೇಳಲಿಲ್ಲ. ಅವರ ಸುದ್ದಿ ತಗದ್ರ ಎದ್ದು ಹೋಗತಿದ್ದಿ."

ಅದು ನಿಜ. ಮೂವತ್ತೈದು ವರ್ಷ ಆ ಮನೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ. ಪಂಚಾಂಗದವನನ್ನು ಕೇಳಿದ್ದ, ಪೂಜಾರಿಯನ್ನು ಕೇಳಿದ್ದ, ಉಸ್ತಾದನನ್ನು ಕೇಳಿದ್ದ. ಎಂಟು ಹೆಜ್ಜೆ ದೂರದಲ್ಲಿದ್ದವಳನ್ನು ಕೇಳಿರಲಿಲ್ಲ. ಯಾಕೆಂದರೆ ಅವಳಿಗೆ ಉತ್ತರ ಗೊತ್ತಿತ್ತು. ಉತ್ತರ ಗೊತ್ತಿಲ್ಲದವರನ್ನು ಕೇಳುವುದು ಸುಲಭ.

ನೇಕಾರ ಅತ್ತ. ಮೂವತ್ತೊಂಬತ್ತು ವರ್ಷದ ಗಂಡಸು, ಬಾಗಿಲು ತೆರೆದಿದೆ ಎಂಬ ಪರಿವೆ ಇಲ್ಲದೆ ಅತ್ತ. ತನ್ನನ್ನು ಮಲಗಿಸಿದ ಕಾಲಿಗೆ ಇಷ್ಟು ವರ್ಷ ಹೆದರಿದ್ದೆನಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು, ಅಪ್ಪ ಬೇಕು ಎಂದೂ ಅನಿಸಿತು. ಕಾಶವ್ವ ಸಮಾಧಾನ ಮಾಡಲಿಲ್ಲ. "ನನ್ನ ಕೇಳದ ನನ್ನನ್ನ ತವರಿಗೆ ಕಳಸೋವಂಥಾ ಪ್ರೀತಿ, ಅದಕ್ಕಿಷ್ಟು ಬೆಂಕಿ ಹಚ್ಚ!" ಎಂದು ಬಯ್ದಳು. ಬಯ್ಯುತ್ತಲೇ ಗಂಟು ಬಿಚ್ಚಿ ಸೀರೆಗಳನ್ನು ಒಳಗಿಟ್ಟಳು. ಕಾಲಿಗೆ ಬಿಗಿದಿದ್ದ ಬಟ್ಟೆಯನ್ನು ತಾನೇ ಬಿಚ್ಚಿ ಒಲೆಗೆ ಹಾಕಿದಳು.

ಮರುದಿನ ಅವನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು. ಈ ಸಲ ಸೋದರಮಾವ ಬರಲಿಲ್ಲ. ಡಾಕ್ಟರು ಅವನನ್ನು ತುದಿಗಾಲಲ್ಲಿ ನಡೆಸಿದರು, ಹಿಮ್ಮಡಿಯಲ್ಲಿ ನಡೆಸಿದರು. ಎರಡೂ ಮೀನಖಂಡಗಳ ಸುತ್ತಳತೆ ತೆಗೆದರು. ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ರಕ್ತ ಪರೀಕ್ಷೆ ಮಾಡಿಸಿದರು. "ನಡೆಯುವಾಗ ಎಡವುತ್ತೀಯ? ಗೊತ್ತಿಲ್ಲದೆ ಚಪ್ಪಲಿ ಜಾರಿ ಹೋಗುತ್ತದೆಯೇ? ಕಾಲು ಸೊರಗಿದೆಯೇ, ಶಕ್ತಿ ಕುಂದಿದೆಯೇ?" ಎಂದು ಕೇಳಿದರು. ಯಾವುದೂ ಇರಲಿಲ್ಲ. "ಅಂಥದ್ದು ಕಂಡರೆ ಒಂದು ದಿನವೂ ತಡ ಮಾಡದೆ ಬಾ. ಬರೀ ಅದುರಿದರೆ ಹೆದರಬೇಡ" ಎಂದರು. ಆಮೇಲೆ ಅವನ ದಿನಚರಿ ಕೇಳಿದರು. ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀರು ಬಿಟ್ಟಿದ್ದೀಯ, ಉಪ್ಪು ಬಿಟ್ಟಿದ್ದೀಯ, ನಿದ್ದೆ ಬಿಟ್ಟಿದ್ದೀಯ. ಕಾಲು ಮಾತ್ರ ನಿನ್ನನ್ನು ಬಿಡಬಾರದು ಅಂತೀಯ. ಇದು ಯಾವ ನ್ಯಾಯವಯ್ಯಾ?"

ಅವರು ಹೇಳಿದ್ದು ಮಠದ ಅಡಿಗೆಯವನೂ ಹೇಳಬಹುದಾದ ಮಾತು. ದಣಿದ ಮಾಂಸಕ್ಕೆ ನೀರು ಸಾಲದಿದ್ದರೆ, ಉಪ್ಪಿನಂಶ ಸಾಲದಿದ್ದರೆ, ನಿದ್ದೆ ಸಾಲದಿದ್ದರೆ ಅದುರುತ್ತದೆ. ಚಹಾ ಹೆಚ್ಚಾದರೂ ಅದುರುತ್ತದೆ. ಚಿಂತೆ ಹೆಚ್ಚಾದರೂ ಅದುರುತ್ತದೆ. ತಾಸಿಗೊಮ್ಮೆ ಎದ್ದು ನೀರು ಕುಡಿ. ಮಜ್ಜಿಗೆಗೆ ಉಪ್ಪು ಹಾಕಿಕೋ. ಬಾಳೆಹಣ್ಣು ತಿನ್ನು, ಸೊಪ್ಪು ತಿನ್ನು. ಚಹಾ ಎರಡೇ ಲೋಟ. ಕುಣಿಗೆ ಇಳಿಯುವ ಮೊದಲು ಗೋಡೆಗೆ ಕೈಯೂರಿ, ಹಿಮ್ಮಡಿ ನೆಲಕ್ಕೊತ್ತಿ ಮೀನಖಂಡ ಎಳೆದುಕೋ. ಬಿಗಿದರೆ ಬಿಸಿನೀರಿನ ಬಟ್ಟೆ ಇಟ್ಟು ತಿಕ್ಕಿಕೋ. ಶನಿವಾರ ಮಲಗು. ಇಷ್ಟೇ.

ಹರಕೆಯ ಚಿಂತೆ ಉಳಿಯಿತು. ಉಪ್ಪು ಬಿಡುತ್ತೇನೆ ಎಂದು ದೇವಿಗೆ ಮಾತು ಕೊಟ್ಟಾಗಿದೆ. ಕಾಶವ್ವ ಗುಡಿಗೆ ಒಂದು ಸೇರು ಉಪ್ಪು ಒಯ್ದು ಸುರಿದಳು. "ನನ್ನ ಗಂಡ ಬಿಟ್ಟ ಉಪ್ಪು ಇಲ್ಲೈತಿ, ತಗೋ ತಾಯಿ. ಇನ್ನ ಉಣ್ಣೋದು ಬ್ಯಾರೆ ಉಪ್ಪು" ಎಂದಳು. ದೇವಿ ಏನೂ ಅನ್ನಲಿಲ್ಲ.

ಕೇರಿಯವರು ಅಂದರು. ನೇಕಾರ ಮೊದಲ ಸಲ ಹೊತ್ತಲ್ಲದ ಹೊತ್ತಿನಲ್ಲಿ ಕುಣಿಯಿಂದ ಎದ್ದಾಗ, "ಚೇಳು ಬಂತೇನಪಾ?" ಎಂದು ನಾಲ್ಕು ಮಗ್ಗ ಒಟ್ಟಿಗೆ ನಕ್ಕವು. "ಹೂಂ, ಬಂತು. ನೀರಡಿಸಿತ್ತು" ಎಂದು ಅವನು ತಂಬಿಗೆ ಎತ್ತಿದ. ದಿನಾ ನಗುವುದಕ್ಕೂ ಬೇಸರವಾಗುತ್ತದೆ. ಎರಡು ತಿಂಗಳಾದ ಮೇಲೆ ಪಕ್ಕದ ಮಗ್ಗದವನೂ ತಂಬಿಗೆ ಇಟ್ಟುಕೊಂಡ.

ಅದುರುವುದು ಪೂರ್ತಿ ಹೋಯಿತೇ ಎಂದು ನೀನು ಕೇಳುತ್ತೀಯ. ಹೋಗಲಿಲ್ಲ. ತುಂಬಾ ದಣಿದ ದಿನ ಸಂಜೆ ಒಂದೆರಡು ಸಲ ಬರುತ್ತಿತ್ತು. ಅವನು ಧೋತರ ಸರಿಸಿ ನೋಡುತ್ತಿರಲಿಲ್ಲ. ಅವ್ವ ಇದ್ದಷ್ಟು ವರ್ಷ ಆ ಹೊತ್ತಿನಲ್ಲಿ ಅವಳ ಪಕ್ಕ ಹೋಗಿ ಕೂತು ಅಪ್ಪನ ಸುದ್ದಿ ಕೇಳುತ್ತಿದ್ದ. ಅವಳೂ ಹೇಳುತ್ತಿದ್ದಳು, ಒಂದು ಸಲ ಹೇಳಿದ್ದನ್ನೇ ಇನ್ನೊಂದು ಸಲ ಬೇರೆ ಮಾಡಿ.

ಇಲ್ಲಿಗೆ ಅಜ್ಜಾರು ನಿಲ್ಲಿಸಿದರು.

ಹಾಲಪ್ಪ ಬೆರಳು ಮಡಿಸಿ ಎಣಿಸುತ್ತ ಹೇಳಿದ: "ತಿಳಿಯಿತು, ಅಜ್ಜಾರೇ. ನೀರು, ಉಪ್ಪು, ನಿದ್ದೆ. ಚಹಾ ಕಡಿಮೆ. ಕಾಲು ಸೊರಗಿದರೆ ಡಾಕ್ಟರು. ಅವರಿಗೆ ಹಾಗೆಯೇ ಹೇಳುತ್ತೇನೆ."

"ಹೇಳು. ಡಾಕ್ಟರಿಗೆ ಒಮ್ಮೆ ತೋರಿಸಿಯೇ ಬರಲಿ, ಮನಸ್ಸಿಗೆ ಸಮಾಧಾನ. ನಾಳೆ ಮುಂಜಾನೆಯ ಬಸ್ಸಿದೆ."

ಹಾಲಪ್ಪ ನಮಸ್ಕಾರ ಮಾಡಿದ. ಏಳಲಿಲ್ಲ. ಚಾಚಿದ ಕಾಲಿನ ಮೇಲಿನ ಧೋತರ ಸರಿಸಿ ಮೀನಖಂಡ ನೋಡಿಕೊಂಡ.

ಅಜ್ಜಾರು ಎಂದರು: "ಕಾಲಿನ ಮಾತು ಮುಗಿಯಿತು, ಹಾಲಪ್ಪಾ, ಇನ್ನು ನಿಮ್ಮ ಮನೆಯಲ್ಲಿ ಯಾರು ತೀರಿಹೋದರು, ಅದನ್ನು ಹೇಳು."